ಒಳ್ಳೆಯ ಬೇಸ್‌ಬಾಲ್ ಸ್ವಿಂಗ್ ಯಾವುದು? ವಾದಗಳನ್ನು ಬಿಡಿಸಿಕೊಳ್ಳುವ ಟಿಪ್ಪಣಿ

ಬೇಸ್‌ಬಾಲ್ ಸ್ವಿಂಗ್, ಅಂದರೆ ಬ್ಯಾಟ್ ಬೀಸುವ ಬಗೆ, ಕಲಿಯಹೊರಟವರಿಗೆ ಮೊದಲು ಎದುರಾಗುವುದೇ ತದ್ವಿರುದ್ಧ ಸಲಹೆಗಳು. ಒಬ್ಬ ಕೋಚ್ ‘ಮೇಲಿಂದ ಕೆಳಕ್ಕೆ ಬೀಸು’ ಅಂದರೆ ಇನ್ನೊಬ್ಬರು ‘ಕೆಳಗಿಂದ ಮೇಲಕ್ಕೆ’ ಅನ್ನುತ್ತಾರೆ. ಒಬ್ಬರಿಗೆ ಸೊಂಟದ ತಿರುವೇ ಸರ್ವಸ್ವ, ಇನ್ನೊಬ್ಬರಿಗೆ ಮೈಭಾರ ಹಿಂಗಾಲಿನಿಂದ ಮುಂಗಾಲಿಗೆ ಸಾಗುವುದು ಮುಖ್ಯ. ಇಲ್ಲಿನ ಅರ್ಧ ಗೊಂದಲಕ್ಕೆ ಕಾರಣ, ಆಟಗಾರನಿಗೆ ಅನ್ನಿಸುವುದನ್ನೂ ಕ್ಯಾಮೆರಾದಲ್ಲಿ ಕಾಣುವುದನ್ನೂ ನಾವು ಬೆರೆಸಿಬಿಡುವುದು. ಇವೆರಡನ್ನೂ ಬೇರೆಬೇರೆ ಇಟ್ಟುಕೊಂಡೇ ಮುಂದೆ ಓದಿ.

ಮೊದಲು ಸಮಯದ ಲೆಕ್ಕ. ಪಿಚರ್ (ಚೆಂಡು ಎಸೆಯುವವನು) ಕಾಲಿಡುವ ಪಟ್ಟಿಯಿಂದ ಬ್ಯಾಟ್ ಬೀಸುವವನ ಪಕ್ಕದ ಹೋಮ್ ಪ್ಲೇಟ್‌ಗೆ 60 ಅಡಿ 6 ಅಂಗುಲ. ಗಂಟೆಗೆ 95 ಮೈಲಿ ವೇಗದ ಚೆಂಡು ಸುಮಾರು 0.4 ಸೆಕೆಂಡಿನಲ್ಲಿ ಬಂದು ಮುಟ್ಟುತ್ತದೆ. ಬ್ಯಾಟ್ ಬೀಸುವುದಕ್ಕೇ ಸುಮಾರು 0.15 ಸೆಕೆಂಡು ಹೋಗುತ್ತದೆ. ಚೆಂಡು ಯಾವ ಬಗೆಯದು, ಬೀಸಬೇಕೋ ಬಿಡಬೇಕೋ ಎಂದು ನಿರ್ಧರಿಸಲು ಉಳಿಯುವುದು 0.25 ಸೆಕೆಂಡು ಮಾತ್ರ. ಹಾಗಾಗಿ ಚಿಕ್ಕದಾದ, ಚುರುಕಾದ ಸ್ವಿಂಗ್‌ನಿಂದ ಸಿಗುವ ಮೊದಲ ಲಾಭವೇ ಚೆಂಡನ್ನು ಇನ್ನೊಂದಿಷ್ಟು ಹೊತ್ತು ನೋಡುವ ಅವಕಾಶ. ದೂರ ಹೊಡೆಯುವ ಮಾತು ಆಮೇಲಿನದು.

ಇನ್ನು ಕೋನದ ಪ್ರಶ್ನೆ. ಇದನ್ನು ನಿಧಾನವಾಗಿ ನೋಡಬೇಕು. 1941ರಲ್ಲಿ .406 ಸರಾಸರಿ (ಸಾವಿರ ಸರದಿಗೆ 406 ಯಶಸ್ವಿ ಹೊಡೆತಗಳ ಲೆಕ್ಕ) ಗಳಿಸಿದ ಅಮೆರಿಕದ ಆಟಗಾರ ಟೆಡ್ ವಿಲಿಯಮ್ಸ್, ಬ್ಯಾಟ್ ಸ್ವಲ್ಪ ಮೇಲ್ಮುಖವಾಗಿ ಸಾಗಬೇಕು ಎಂದು ಪಟ್ಟುಹಿಡಿದು ಹೇಳಿದರು. ಪಿಚರ್ ನಿಲ್ಲುವ ದಿಬ್ಬ ಹತ್ತು ಅಂಗುಲ ಎತ್ತರ, ಚೆಂಡು ಅವನ ಕೈಬಿಡುವುದು ಅದಕ್ಕಿಂತಲೂ ಮೇಲೆ, ಜೊತೆಗೆ ಗುರುತ್ವ. ಹೀಗಾಗಿ ಫಾಸ್ಟ್‌ಬಾಲ್ (ನೇರವಾಗಿ, ಅತಿ ವೇಗವಾಗಿ ಎಸೆದ ಚೆಂಡು) ಕೂಡ ಪ್ಲೇಟ್ ತಲುಪುವಾಗ ಸುಮಾರು 5-6 ಡಿಗ್ರಿ ಇಳಿಯುತ್ತಿರುತ್ತದೆ.

ಆರು ಡಿಗ್ರಿ ಎಂದೇ ಹಿಡಿಯೋಣ. ಬ್ಯಾಟ್ ಆರು ಡಿಗ್ರಿ ಏರುತ್ತಿದ್ದರೆ ಅದರ ದಾರಿ ಚೆಂಡಿನ ದಾರಿಯ ಮೇಲೆಯೇ ಕೂರುತ್ತದೆ. ಸಮಯ ಚೂರು ಆಚೀಚೆಯಾದರೂ ಚೆಂಡು ಬ್ಯಾಟಿನ ನಡುವಿಗೇ ಸಿಗುತ್ತದೆ. ಬ್ಯಾಟ್ ಆರು ಡಿಗ್ರಿ ಇಳಿಯುತ್ತಿದ್ದರೆ ಎರಡೂ ದಾರಿಗಳು ಒಂದೇ ಬಿಂದುವಿನಲ್ಲಿ ಅಡ್ಡಹಾಯುತ್ತವೆ. ಆ ಬಿಂದುವಿಗಿಂತ 10 ಸೆಂ.ಮೀ. ಮುಂದೆ, ಪಿಚರ್ ಕಡೆಗೆ, ಹೊಡೆತ ಬಿದ್ದರೆ ಬ್ಯಾಟಿನ ನಡುಭಾಗ ಚೆಂಡಿನ ನಡುಭಾಗಕ್ಕಿಂತ ಸುಮಾರು 2 ಸೆಂ.ಮೀ. ಕೆಳಗಿರುತ್ತದೆ, ಚೆಂಡು ಗಾಳಿಗೆ ಚಿಮ್ಮುತ್ತದೆ. 10 ಸೆಂ.ಮೀ. ಹಿಂದೆ ಬಿದ್ದರೆ ಅಷ್ಟೇ ಮೇಲಿರುತ್ತದೆ, ಚೆಂಡು ನೆಲ ಕಚ್ಚಿ ಓಡುತ್ತದೆ. ಬ್ಯಾಟಿನ ಗರಿಷ್ಠ ವ್ಯಾಸವೇ 2.61 ಅಂಗುಲ, ಅಂದರೆ 6.6 ಸೆಂ.ಮೀ.; ಅದರ ಮುಂದೆ 2 ಸೆಂ.ಮೀ. ತಪ್ಪು ಬಹಳ ದೊಡ್ಡದು. ಕಾಗದದ ಮೇಲೆ ಎರಡು ಗೆರೆ ಎಳೆದು ನೋಡಿ, ಥಟ್ಟನೆ ಅರ್ಥವಾಗುತ್ತದೆ.

ಹಾಗಾದರೆ ‘ಮೇಲಿಂದ ಕೆಳಕ್ಕೆ’ ಎನ್ನುವವರು ಸುಳ್ಳು ಹೇಳುತ್ತಿದ್ದಾರೆಯೇ? ಖಂಡಿತ ಇಲ್ಲ. ಭುಜದ ಹತ್ತಿರವಿರುವ ಬ್ಯಾಟ್ ಮೊದಲು ಇಳಿಯಲೇಬೇಕು, ಆಮೇಲೆ ತಿರುಗಿ ಏರುತ್ತದೆ. ಆಟಗಾರನಿಗೆ ಗಟ್ಟಿಯಾಗಿ ಅನ್ನಿಸುವುದು ಆ ಮೊದಲ ಇಳಿತ. ಹಿಂಭುಜ ಅತಿಯಾಗಿ ಕುಸಿಯುವ ಹುಡುಗನಿಗೆ ‘ಕೆಳಕ್ಕೆ ಬೀಸು’ ಎಂದರೆ ಅವನ ಸ್ವಿಂಗ್ ಸರಿಯಾದ ಕೋನಕ್ಕೆ ಬರಲೂಬಹುದು. ಸೂಚನೆಯಾಗಿ ಅದು ಕೆಲಸ ಮಾಡುತ್ತದೆ. ಸ್ವಿಂಗ್‌ನ ವರ್ಣನೆಯಾಗಿ ತಪ್ಪು.

ತಿರುವೋ ಭಾರವೋ ಎಂಬ ಜಗಳವೂ ಹಳೆಯದು. ವಿಲಿಯಮ್ಸ್ ಸೊಂಟದ ಪಕ್ಷ. ಬ್ಯಾಟಿಂಗ್ ಕೋಚ್ ಚಾರ್ಲಿ ಲಾವ್ ಭಾರ ಮುಂದೆ ಸಾಗಿಸುವ ಪಕ್ಷ. ಅವರ ಶಿಷ್ಯ ಜಾರ್ಜ್ ಬ್ರೆಟ್ 1980ರಲ್ಲಿ .390 ಸರಾಸರಿ ಗಳಿಸಿದರು. ನಿಧಾನಗತಿಯ ವಿಡಿಯೊದಲ್ಲಿ ಮುಂಗಾಲಿನ ಹಿಮ್ಮಡಿ ನೆಲಕ್ಕೆ ಊರುವ ಫ್ರೇಮ್ ನಿಲ್ಲಿಸಿ ನೋಡಿದರೆ ಇಬ್ಬರ ಮಾತೂ ಅಲ್ಲಿ ಕಾಣುತ್ತದೆ. ಅಲ್ಲಿಯವರೆಗೆ ಮೈ ಮುಂದಕ್ಕೆ ಸಾಗಿದೆ. ಹಿಮ್ಮಡಿ ಊರುತ್ತಲೇ ಮುಂಗಾಲು ನೆಟ್ಟಗಾಗಿ ಆ ಓಟವನ್ನು ತಡೆಯುತ್ತದೆ, ಸೊಂಟ ತಿರುಗುತ್ತದೆ. ಭುಜಗಳು ಇನ್ನೂ ಹಿಂದೆಯೇ ಉಳಿದಿರುತ್ತವೆ. ಸೊಂಟ, ಎದೆ, ತೋಳು, ಬ್ಯಾಟ್ ಎಂಬ ಸರದಿಯಲ್ಲಿ ವೇಗ ದಾಟುತ್ತದೆ. ಸೊಂಟ ಭುಜ ಎರಡೂ ಒಟ್ಟಿಗೇ ತಿರುಗಿದರೆ ಈ ಸರಪಳಿ ಕಡಿಯಿತು ಎಂದೇ ಅರ್ಥ. ನನ್ನ ಪ್ರಕಾರ ವಿಡಿಯೊದಲ್ಲಿ ಮೊದಲು ಹುಡುಕಬೇಕಾದ ದೋಷ ಇದೇ.

ನಿಲ್ಲುವ ಭಂಗಿಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಜಪಾನಿನ ಸದಹರು ಓ ಒಂಟಿಕಾಲಿನಲ್ಲಿ ನಿಂತು 868 ಹೋಮ್ ರನ್ (ಸಾಮಾನ್ಯವಾಗಿ ಚೆಂಡು ಬೇಲಿ ದಾಟುವ ಹೊಡೆತ) ಹೊಡೆದವರು.

ವೇಗದ ಮಾತಿಗೆ ಬಂದರೆ, ಅಮೆರಿಕದ ಅತ್ಯುನ್ನತ ವೃತ್ತಿಪರ ಬೇಸ್‌ಬಾಲ್ ಆದ ಮೇಜರ್ ಲೀಗ್‌ನಲ್ಲಿ ಬ್ಯಾಟಿನ ವೇಗದ ಅಂಕಿಗಳು 2024ರಿಂದ ಎಲ್ಲರಿಗೂ ಸಿಗುತ್ತಿವೆ. ಸರಾಸರಿ ಗಂಟೆಗೆ ಸುಮಾರು 72 ಮೈಲಿ. ಜಿಯಾನ್‌ಕಾರ್ಲೊ ಸ್ಟಾಂಟನ್ 80 ದಾಟುತ್ತಾರೆ. ಲೂಯಿಸ್ ಅರೈಸ್ 63ರ ಆಸುಪಾಸಿನಲ್ಲಿ, ಪಟ್ಟಿಯ ತಳದಲ್ಲಿದ್ದಾರೆ. ಆದರೆ 2022, 2023, 2024ರಲ್ಲಿ ಸತತವಾಗಿ, ಮೂರು ಬೇರೆ ತಂಡಗಳಲ್ಲಿ ಬ್ಯಾಟಿಂಗ್ ಸರಾಸರಿಯ ಕಿರೀಟ ಗೆದ್ದವರು ಇದೇ ಅರೈಸ್. ಹೋಮ್ ರನ್ ಬೇಕೆಂದರೆ ವೇಗಕ್ಕೆ ಪರ್ಯಾಯವಿಲ್ಲ. ಚೆಂಡನ್ನು ಬ್ಯಾಟಿನ ನಡುವಿಗೆ ತಾಗಿಸುವುದು ಬೇರೆಯೇ ಕಸುಬು. ಯಾವುದಕ್ಕಾಗಿ ಒಳ್ಳೆಯದು ಎಂದು ಕೇಳದೆ ‘ಒಳ್ಳೆಯ ಸ್ವಿಂಗ್’ ಎನ್ನಲು ಬರುವುದಿಲ್ಲ.

ನಿಜಕ್ಕೂ ಬಗೆಹರಿಯದ ವಾದ ಎತ್ತರದ ಫಾಸ್ಟ್‌ಬಾಲಿನದು. ಹೆಚ್ಚು ಹಿಮ್ಮುಖ ಸುತ್ತು (ಬ್ಯಾಕ್‌ಸ್ಪಿನ್) ಇರುವ ಚೆಂಡು ಸ್ಟ್ರೈಕ್ ಝೋನ್‌ನ (ಹೋಮ್ ಪ್ಲೇಟಿನ ಮೇಲೆ, ಚೆಂಡು ಸರಿಯಾದ ಎಸೆತವೆಂದು ಎಣಿಸುವ ವಲಯ) ಮೇಲಂಚಿಗೆ ಹೆಚ್ಚು ಸಮತಟ್ಟಾಗಿ ಬರುತ್ತದೆ, ಕಡಿದಾಗಿ ಏರುವ ಬ್ಯಾಟ್ ಅದರ ಕೆಳಗೆ ತೂರಿಹೋಗುತ್ತದೆ. ಅದಕ್ಕೆಂದೇ ಇನ್ನೊಂದು ಸ್ವಿಂಗ್ ಕಲಿಯಬೇಕೆನ್ನುವವರಿದ್ದಾರೆ; ಆ ಚೆಂಡನ್ನು ಬಿಟ್ಟು ಕೆಳಗಿನದಕ್ಕೆ ಕಾಯಬೇಕೆನ್ನುವವರೂ ಇದ್ದಾರೆ. ಮೂರು ಸ್ಟ್ರೈಕ್ (ತಪ್ಪಿದ ಅಥವಾ ಬಿಟ್ಟುಬಿಟ್ಟ ಸರಿಯಾದ ಎಸೆತ) ಬಿದ್ದರೆ ಔಟ್; ಎರಡು ಬೀಳುವವರೆಗೆ ನಾನು ಕಾಯುವವರ ಕಡೆ.