ಒಂದು ಚುಕ್ಕೆ ರಕ್ತದಲ್ಲಿ ಕಿಣ್ವದ ದುಡಿಮೆ ಎಷ್ಟು?

ಹುಟ್ಟಿ ಒಂದೆರಡು ದಿನವಾದ ಮಗುವಿನ ಹಿಮ್ಮಡಿಗೆ ಸಣ್ಣಗೆ ಚುಚ್ಚಿ, ಬಂದ ರಕ್ತವನ್ನು ದಪ್ಪ ಫಿಲ್ಟರ್ ಕಾಗದಕ್ಕೆ ತಾಗಿಸಿ ಒಣಗಿಸುತ್ತಾರೆ. 1960ರ ದಶಕದಲ್ಲಿ ಅಮೆರಿಕದ ರಾಬರ್ಟ್ ಗುತ್ರಿ ಬಳಕೆಗೆ ತಂದ ಪದ್ಧತಿ ಇದು. ಆ ಒಣಗಿದ ಕಲೆಯಿಂದ 3 ಮಿಲಿಮೀಟರ್ ಅಗಲದ ಬಿಲ್ಲೆಯೊಂದನ್ನು ಕತ್ತರಿಸಿಕೊಂಡರೆ ಅದರಲ್ಲಿರುವುದು ಸುಮಾರು 3 ಮೈಕ್ರೋಲೀಟರ್ ರಕ್ತ. ಒಂದು ಹನಿಯ ಹತ್ತನೇ ಒಂದು ಪಾಲೂ ಆಗುವುದಿಲ್ಲ. ಇಷ್ಟರಲ್ಲೇ ಐದಾರು ಕಿಣ್ವಗಳು ನೆಟ್ಟಗೆ ಕೆಲಸ ಮಾಡುತ್ತಿವೆಯೋ ಇಲ್ಲವೋ ತಿಳಿಯಬಹುದು.

ಒಣಗಿದ ರಕ್ತದಲ್ಲಿ ಕಿಣ್ವ ಹಾಳಾಗುವುದಿಲ್ಲವೇ? ಕೆಲವು ಹಾಳಾಗುತ್ತವೆ. ಆದರೆ ಲೈಸೊಸೋಮ್ ಎಂಬ ಜೀವಕೋಶದ ಪುಟ್ಟ ಚೀಲಗಳಲ್ಲಿರುವ ಹಲವು ಕಿಣ್ವಗಳು ಗಟ್ಟಿ. ನೀರು ತಗುಲಿದರೆ ಸಾಕು, ಮತ್ತೆ ಕೆಲಸಕ್ಕೆ ಇಳಿಯುತ್ತವೆ. ಅರ್ಜೆಂಟೀನಾದ ನೆಸ್ಟರ್ ಚಾಮೋಲೆಸ್ 2001ರಲ್ಲಿ ಇದನ್ನು ತೋರಿಸಿಕೊಟ್ಟರು. ಬೇಡದ ದೊಡ್ಡ ಅಣುಗಳನ್ನು ಒಡೆದು ಚಿಕ್ಕದು ಮಾಡುವುದು ಈ ಕಿಣ್ವಗಳ ಕೆಲಸ. ಒಂದು ಕೈಕೊಟ್ಟರೂ ಅದು ಒಡೆಯಬೇಕಿದ್ದ ವಸ್ತು ಒಳಗೇ ಗುಡ್ಡೆ ಬೀಳುತ್ತದೆ. ಪಾಂಪೆ ಕಾಯಿಲೆಯಲ್ಲಿ ಗ್ಲೈಕೋಜನ್ (ದೇಹ ಕೂಡಿಟ್ಟುಕೊಳ್ಳುವ ಸಕ್ಕರೆಯ ದಾಸ್ತಾನು) ಹೀಗೆ ಸ್ನಾಯುಗಳಲ್ಲಿ ತುಂಬಿಕೊಳ್ಳುತ್ತದೆ. ತೀವ್ರವಾಗಿದ್ದರೆ ಹಸುಗೂಸಿನ ಹೃದಯವೇ ಊದಿಕೊಳ್ಳುತ್ತದೆ. ಹೊರಗಿನಿಂದ ಕಿಣ್ವ ಕೊಡುವ ಚಿಕಿತ್ಸೆ 2006ರಿಂದ ಇದೆ. ಆದರೆ ಸ್ನಾಯು ಕೆಡುವ ಮೊದಲೇ ಕೊಟ್ಟರೆ ಜಾಸ್ತಿ ಉಪಯೋಗ. ಅದಕ್ಕೇ ಹುಟ್ಟಿದ ಕೂಡಲೇ ಹುಡುಕುವ ಈ ತರಾತುರಿ.

ರಕ್ತದಲ್ಲಿ ಕಿಣ್ವ ಎಷ್ಟಿದೆ ಅಂತ ಸುಮ್ನೆ ಅಳೆದರೆ ಆಗದೇ? ಆಗದು. ಹಾಜರಿ ಪುಸ್ತಕದಲ್ಲಿ ಸಹಿ ಇದ್ದ ಮಾತ್ರಕ್ಕೆ ಕೆಲಸ ಆಗಿದೆ ಅಂತಲ್ಲವಲ್ಲ. ಜೀನ್‌ನಲ್ಲಿ ಒಂದು ಅಕ್ಷರ ತಪ್ಪಿದರೆ, ಕಿಣ್ವ ಬೇಕಾದಷ್ಟು ತಯಾರಾಗಿಯೂ ಕೆಲಸಕ್ಕೆ ಬಾರದೆ ಹೋಗಬಹುದು. ಆದ್ದರಿಂದ ಕಿಣ್ವಕ್ಕೆ ಕೆಲಸ ಕೊಟ್ಟು ನೋಡಬೇಕು. ಅದು ಒಡೆಯಬಲ್ಲ ವಸ್ತುವನ್ನು ಎದುರಿಗಿಟ್ಟು, ಇಂತಿಷ್ಟು ಗಂಟೆಯಲ್ಲಿ ಎಷ್ಟು ಒಡೆಯಿತು ಎಂದು ಲೆಕ್ಕ ಹಾಕಬೇಕು. ದೊಡ್ಡವರ ರಕ್ತದೊತ್ತಡದ ತನಿಖೆಯಲ್ಲಿ ರೆನಿನ್ ಕಿಣ್ವವನ್ನು ಅಳೆಯುವುದೂ ಇದೇ ತತ್ವದಲ್ಲಿ: ಅದು ಗಂಟೆಗೆ ಆಂಜಿಯೋಟೆನ್ಸಿನ್-1 ಎಂಬ ಅಣುವನ್ನು ಎಷ್ಟು ತಯಾರಿಸುತ್ತದೆ ಎಂಬುದೇ ಉತ್ತರ.

ಹಳೆಯ ವಿಧಾನದಲ್ಲಿ ಆ ಲೆಕ್ಕ ಬೆಳಕಿನಿಂದ ಸಿಗುತ್ತಿತ್ತು. ಕಿಣ್ವ ಕತ್ತರಿಸಿದಾಗ ನೀಲಿಯಾಗಿ ಹೊಳೆಯುವ ತುಣುಕು ಬಿಡುಗಡೆಯಾಗುತ್ತದೆ. ಹೊಳಪು ಎಷ್ಟೋ ದುಡಿಮೆ ಅಷ್ಟು. ವಿಧಾನ ಸರಳ, ಈಗಲೂ ಬಳಕೆಯಲ್ಲಿದೆ. ತೊಂದರೆ ಏನೆಂದರೆ, ಯಾವ ಕಿಣ್ವ ಕತ್ತರಿಸಿದರೂ ಅದೇ ನೀಲಿ. ಹಾಗಾಗಿ ಒಂದೊಂದು ಕಿಣ್ವಕ್ಕೂ ಬೇರೆ ಬೇರೆ ಪರೀಕ್ಷೆ ಬೇಕು. ಸಾಲದ್ದಕ್ಕೆ ರಕ್ತದ ಕೆಂಪು ಆ ಹೊಳಪನ್ನು ಕುಂದಿಸುತ್ತದೆ.

ಮಾಸ್ ಸ್ಪೆಕ್ಟ್ರೋಮೀಟರ್ ಬೆಳಕನ್ನು ಬಿಟ್ಟು ತೂಕವನ್ನು ಹಿಡಿಯಿತು. ಅಣುಗಳಿಗೆ ವಿದ್ಯುತ್ ಚಾರ್ಜ್ ಕೊಟ್ಟು ಹಾರಿಸಿ, ಒಂದೊಂದರ ತೂಕ ನೋಡಿ ಬೇರ್ಪಡಿಸುವ ಯಂತ್ರ ಇದು. ದ್ರಾವಣದಲ್ಲಿರುವ ಅಣುವನ್ನು ಮುರಿಯದೆ ಹಾಗೆ ಹಾರಿಸುವ ಎಲೆಕ್ಟ್ರೋಸ್ಪ್ರೇ ವಿಧಾನಕ್ಕಾಗಿ ಜಾನ್ ಫೆನ್ 2002ರ ನೊಬೆಲ್‌ನಲ್ಲಿ ಪಾಲು ಪಡೆದರು. ಒಂದೊಂದು ಕಿಣ್ವದ ಉತ್ಪನ್ನಕ್ಕೂ ಬೇರೆ ಬೇರೆ ತೂಕ ಇರುವಂತೆ ವಸ್ತುಗಳನ್ನು ತಯಾರಿಸಿಕೊಂಡರೆ, ಎಲ್ಲವನ್ನೂ ಬೆರೆಸಿ ಒಟ್ಟಿಗೇ ಅಳೆಯಬಹುದು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಮೈಕೆಲ್ ಗೆಲ್ಬ್ ಮತ್ತು ಸಂಗಡಿಗರು 2004ರಲ್ಲಿ ಐದು ಕಿಣ್ವಗಳ ಉತ್ಪನ್ನಗಳನ್ನು ಹೀಗೆ ಒಂದೇ ಸಲ ಯಂತ್ರಕ್ಕೆ ಕೊಟ್ಟು ಅಳೆದು ತೋರಿಸಿದರು. ಯಂತ್ರ ಕಿಣ್ವವನ್ನು ನೋಡುವುದೇ ಇಲ್ಲ, ಅದು ಬಿಟ್ಟುಹೋದ ತುಣುಕನ್ನಷ್ಟೇ ನೋಡುತ್ತದೆ.

ನನಗೆ ಇದರಲ್ಲಿ ತುಂಬ ಇಷ್ಟವಾದದ್ದು ಲೆಕ್ಕದ ಜಾಣತನ. ಯಂತ್ರದ ಸಂಕೇತ ದಿನಕ್ಕೊಂದು ತರಹ ಏರಿಳಿಯುತ್ತದೆ, ಅದನ್ನೇ ನಂಬುವಂತಿಲ್ಲ. ಅದಕ್ಕೆ ಉತ್ಪನ್ನದಂಥದೇ ಇನ್ನೊಂದು ಅಣುವನ್ನು ತಯಾರಿಸಿ, ಗೊತ್ತಿರುವ ಪ್ರಮಾಣದಲ್ಲಿ ಬೆರೆಸುತ್ತಾರೆ. ಇದರಲ್ಲಿ ಕೆಲವು ಹೈಡ್ರೋಜನ್ ಬದಲು ಅದರದೇ ಭಾರದ ರೂಪವಾದ ಡ್ಯುಟೀರಿಯಂ ಇರುತ್ತದೆ. ಗುಣವೆಲ್ಲ ಹೆಚ್ಚುಕಮ್ಮಿ ಅದೇ, ತೂಕ ಮಾತ್ರ ಸ್ವಲ್ಪ ಜಾಸ್ತಿ. ಈ ಜೊತೆ ಅಣು 0.5 ನ್ಯಾನೋಮೋಲ್ (ಅಣುಗಳನ್ನು ಎಣಿಸುವ ಅಳತೆ, ಸಾವಿರ ಸೇರಿದರೆ ಒಂದು ಮೈಕ್ರೋಮೋಲ್) ಹಾಕಿದ್ದೇವೆ, ಉತ್ಪನ್ನದ ಸಂಕೇತ ಅದರ 0.6 ಪಟ್ಟು ಬಂತು ಅಂದುಕೊಳ್ಳಿ. ಆಗ ಉತ್ಪನ್ನ 0.3 ನ್ಯಾನೋಮೋಲ್. ಅದನ್ನು 3 ಮೈಕ್ರೋಲೀಟರ್ ರಕ್ತಕ್ಕೂ ಕಿಣ್ವ ದುಡಿದ, ಹೇಳುವುದಾದರೆ, 20 ಗಂಟೆಗೂ ಭಾಗಿಸಿದರೆ, ಲೀಟರ್ ರಕ್ತಕ್ಕೆ ಗಂಟೆಗೆ 5 ಮೈಕ್ರೋಮೋಲ್. ವರದಿಯಲ್ಲಿ ಬರುವುದು ಇಂಥದೇ ಅಂಕಿ.

ಹೇಳುವಷ್ಟು ಸಲೀಸಲ್ಲ ಬಿಡಿ. ಪಾಂಪೆ ಪರೀಕ್ಷೆಯಲ್ಲಿ, ಬಿಳಿ ರಕ್ತಕಣಗಳಲ್ಲಿರುವ ಬೇರೊಂದು ಕಿಣ್ವವೂ ಅದೇ ವಸ್ತುವನ್ನು ಒಡೆದುಬಿಡುತ್ತದೆ. ಅದರ ಬಾಯಿ ಮುಚ್ಚಿಸಲು ಅಕಾರ್ಬೋಸ್ ಹಾಕುತ್ತಾರೆ. ಹೌದು, ಮಧುಮೇಹಕ್ಕೆ ಕೊಡುವ ಅದೇ ಔಷಧಿ! ಇನ್ನೊಂದು ಕಿರಿಕಿರಿ ಯಂತ್ರದ್ದೇ. ಕಿಣ್ವ ಮುಟ್ಟದೆ ಉಳಿದ ವಸ್ತು ಯಂತ್ರದ ಬಾಗಿಲಲ್ಲಿ ಬಿಸಿಗೆ ತಾನಾಗಿ ಒಡೆದು, ಉತ್ಪನ್ನದ ವೇಷದಲ್ಲಿ ಒಳಗೆ ಬರುವುದುಂಟು. ಅದಕ್ಕೇ ರಕ್ತವಿಲ್ಲದ ಖಾಲಿ ಕಾಗದದ ಬಿಲ್ಲೆಯನ್ನೂ ಜೊತೆಗೆ ಪರೀಕ್ಷಿಸಿ, ಅಲ್ಲಿ ಬಂದಷ್ಟನ್ನು ಕಳೆಯುತ್ತಾರೆ. ಇಲ್ಲವೇ ಯಂತ್ರಕ್ಕೆ ಬಿಡುವ ಮೊದಲೇ ಉಳಿದ ವಸ್ತುವನ್ನೂ ಉತ್ಪನ್ನವನ್ನೂ ಬೇರೆ ಮಾಡುತ್ತಾರೆ.

ಇಷ್ಟಾದ ಮೇಲೂ ಅಂಕಿ ಕಡಿಮೆ ಬಂದರೆ ಕಾಯಿಲೆ ಇದೆ ಅಂತ ಅರ್ಥವಲ್ಲ. ಅಂಚೆಯಲ್ಲಿ ಬರುವಾಗ ಕಾಗದಕ್ಕೆ ಬಿಸಿಲು, ತೇವ ತಗುಲಿ ಕಿಣ್ವ ಸೊರಗಿರಬಹುದು. ಕೆಲವರ ಕಿಣ್ವ ಪ್ರಯೋಗಾಲಯದ ಕೃತಕ ವಸ್ತುವಿನ ಮೇಲೆ ಸೋಮಾರಿ, ದೇಹದೊಳಗೆ ಸಾಕಷ್ಟು ಚುರುಕು. ಇಂಥ ಹುಸಿ ಕೊರತೆ ಪಾಂಪೆಯ ವಿಷಯದಲ್ಲಿ ಪೂರ್ವ ಏಷ್ಯಾದ ಜನರಲ್ಲಿ ಜಾಸ್ತಿ. ಹಾಗಾಗಿ ಅಂಕಿ ಕೆಳಗಿದ್ದರೆ ಮತ್ತೊಂದು ಸುತ್ತಿನ ಪರೀಕ್ಷೆ ಬೇಕು. ಉದಾಹರಣೆಗೆ, ಇದೇ ಗುಂಪಿನ ಕ್ರಾಬೆ ಕಾಯಿಲೆಯಲ್ಲಿ ಸೈಕೋಸಿನ್ ಎಂಬ ವಿಷವಸ್ತು ರಕ್ತದಲ್ಲಿ ಕೂಡಿಕೊಂಡಿದೆಯೇ ಎಂದು ಅದೇ ಯಂತ್ರದಲ್ಲಿ ನೋಡುತ್ತಾರೆ.

ಉಲ್ಟಾ ಮೋಸವೂ ಇದೆ. ಇದೇ ಗುಂಪಿನ ಫ್ಯಾಬ್ರಿ ಕಾಯಿಲೆಯ ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಹೆಣ್ಣುಮಕ್ಕಳಲ್ಲಿ ಎಕ್ಸ್ ಎರಡು, ಒಂದೊಂದು ಜೀವಕೋಶದಲ್ಲೂ ಒಂದು ಮಾತ್ರ ಕೆಲಸ ಮಾಡುತ್ತದೆ. ದೋಷವಿರುವ ಕೋಶಗಳ ಪಕ್ಕದಲ್ಲೇ ಸರಿಯಿರುವ ಕೋಶಗಳೂ ಇರುವುದರಿಂದ, ರಕ್ತದಲ್ಲಿ ಒಟ್ಟು ದುಡಿಮೆ ಮಾಮೂಲಾಗಿಯೇ ಕಾಣಬಹುದು. ಅವರ ವಿಷಯದಲ್ಲಿ ಈ ಅಂಕಿಯನ್ನು ನೆಚ್ಚಿಕೊಳ್ಳದೆ ನೇರವಾಗಿ ಜೀನನ್ನೇ ಪರೀಕ್ಷಿಸುತ್ತಾರೆ.