‘ಡಾಕ್ಟರ್ ಹೂ’ ರೋಸ್ ಮೊದಲು ಪಾಪ್ ಗಾಯಕಿಯಾಗಿದ್ದರೇ?

ಪ್ರಶ್ನೆ: ಬಿಬಿಸಿಯ ಟಿವಿ ಸರಣಿ ‘ಡಾಕ್ಟರ್ ಹೂ’ದಲ್ಲಿ ರೋಸ್ ಟೈಲರ್ ಪಾತ್ರ ಮಾಡಿದ ನಟಿ ಬಿಲಿ ಪೈಪರ್ ಹಿಂದೆ ಗಾಯಕಿಯಾಗಿದ್ದರಂತೆ. ಹಾಡುಗಳು ಓಡಲಿಲ್ಲವೆಂದು ನಟನೆಗೆ ಬಂದರೇ?

ಉತ್ತರ: ಓಡಲಿಲ್ಲ ಎನ್ನುವುದು ತಪ್ಪು. 1998ರ ಜುಲೈನಲ್ಲಿ ಅವರ ‘ಬಿಕಾಸ್ ವಿ ವಾಂಟ್ ಟು’ ಹಾಡು ಬ್ರಿಟನ್ನಿನ ಸಿಂಗಲ್ಸ್ ಪಟ್ಟಿಯಲ್ಲಿ (ಹೆಚ್ಚು ಮಾರಾಟವಾದ ಬಿಡಿ ಹಾಡುಗಳ ವಾರದ ಪಟ್ಟಿ) ಬಂದ ವಾರವೇ ಒಂದನೇ ಸ್ಥಾನದಲ್ಲಿ ಕೂತಿತು. ಆಗ ಅವರಿಗೆ 15 ವರ್ಷ, ಹೆಸರು ಬರೀ ‘ಬಿಲಿ’. ಅವರಿಗಿಂತ ಎಳೆಯ ವಯಸ್ಸಿನಲ್ಲಿ ಅಲ್ಲಿಗೇರಿದ್ದ ಬ್ರಿಟಿಷ್ ಗಾಯಕಿ 1961ರ ಹೆಲೆನ್ ಶಪೀರೋ ಒಬ್ಬರೇ. ಆಮೇಲೆ ‘ಗರ್ಲ್‌ಫ್ರೆಂಡ್’ (1998), ‘ಡೇ ಅಂಡ್ ನೈಟ್’ (2000) ಕೂಡ ಒಂದನೇ ಸ್ಥಾನ ಹಿಡಿದವು. ಎರಡನೇ ಆಲ್ಬಂ ‘ವಾಕ್ ಆಫ್ ಲೈಫ್’ ಹೊತ್ತಿಗೆ ಮಾರಾಟ ಕುಸಿದದ್ದು ನಿಜ. ಆದರೆ ಅಷ್ಟರಲ್ಲಿ ಹುಡುಗಿಯೇ ಬಳಲಿ ಹೋಗಿದ್ದರು. ಬಿಡುವಿಲ್ಲದ ಪ್ರಚಾರ, ಊಟವನ್ನೇ ದೂರ ಮಾಡಿದ ಕಾಯಿಲೆ ಎಲ್ಲವನ್ನೂ 2006ರ ಆತ್ಮಕಥೆಯಲ್ಲಿ ಬರೆದಿದ್ದಾರೆ. ಹದಿನೈದರ ಮಗುವಿನ ಮೇಲೆ ಅಷ್ಟು ಭಾರ ಹೇರಬಾರದಿತ್ತು.

ನಟನೆಗೆ ಬಂದರು ಎನ್ನುವುದಕ್ಕಿಂತ ಮರಳಿದರು ಎನ್ನುವುದೇ ಸರಿ. 1982ರಲ್ಲಿ ಸ್ವಿಂಡನ್‌ನಲ್ಲಿ ಹುಟ್ಟಿದ ಅವರು ಕಲಿತದ್ದು ಲಂಡನ್ನಿನ ಸಿಲ್ವಿಯಾ ಯಂಗ್ ನಾಟಕ ಶಾಲೆಯಲ್ಲಿ. ಹಾಡಿನ ಅವಕಾಶ ಬಂದದ್ದು ‘ಸ್ಮ್ಯಾಶ್ ಹಿಟ್ಸ್’ ಪತ್ರಿಕೆಯ ಟಿವಿ ಜಾಹೀರಾತಿನಲ್ಲಿ ಕಾಣಿಸಿಕೊಂಡ ಮೇಲೆ. 2003ರಲ್ಲಿ ಬಿಬಿಸಿಯ ‘ಕ್ಯಾಂಟರ್ಬರಿ ಟೇಲ್ಸ್’ನಲ್ಲಿ ಒಂದು ಪಾತ್ರ, 2005ರ ಮಾರ್ಚ್ 26ರಿಂದ ರೋಸ್. ಗಾಯಕಿಯನ್ನು ಆರಿಸಿದ್ದಕ್ಕೆ ಗೊಣಗಿದವರು ಮೊದಲ ಕೆಲವು ಕಂತುಗಳಲ್ಲೇ ಸುಮ್ಮನಾದರು. ರೋಸ್ ವಿದಾಯ ಹೇಳುವ ಕಂತು ‘ಡೂಮ್ಸ್‌ಡೇ’ (2006ರ ಜುಲೈ 8) ನೋಡಿದರೆ ಏಕೆಂದು ತಿಳಿಯುತ್ತದೆ. ರಂಗದ ಮೇಲೆ, ಲಂಡನ್ನಿನ ಯಂಗ್ ವಿಕ್ ರಂಗಮಂದಿರದ ‘ಯೆರ್ಮಾ’ ನಾಟಕಕ್ಕೆ 2017ರಲ್ಲಿ ಅತ್ಯುತ್ತಮ ನಟಿ ಒಲಿವಿಯೆ ಪ್ರಶಸ್ತಿ (ಬ್ರಿಟನ್ನಿನ ದೊಡ್ಡ ರಂಗಭೂಮಿ ಪ್ರಶಸ್ತಿ) ಸಿಕ್ಕಿತು.

ಇನ್ನೊಂದು ಗೊಂದಲವಿದೆ. 2007ರ ಜನವರಿಯ ಪಟ್ಟಿಯಲ್ಲಿ 17ನೇ ಸ್ಥಾನದಲ್ಲಿ ಅವರ ‘ಹನಿ ಟು ದ ಬೀ’ ಇರುವುದನ್ನು ಕಂಡು, ಮತ್ತೆ ಹಾಡತೊಡಗಿದರೆಂದು ಹಲವರು ತಿಳಿಯುತ್ತಾರೆ. ಅದು 1999ರದೇ ಹಾಡು. ಅದುವರೆಗೆ ಅಂಗಡಿಯಲ್ಲಿ ಸಿಡಿಯಂಥ ಪ್ರತಿ ಸಿಗದ ಹಾಡಿನ ಡೌನ್‌ಲೋಡ್‌ಗಳು ಪಟ್ಟಿಯ ಲೆಕ್ಕಕ್ಕೆ ಬರುತ್ತಿರಲಿಲ್ಲ. ಆ ತಿಂಗಳು ನಿಯಮ ಸಡಿಲವಾಯಿತು, ಎಷ್ಟೇ ಹಳೆಯದಾದರೂ ಡೌನ್‌ಲೋಡ್ ಆದದ್ದೆಲ್ಲ ಎಣಿಕೆಗೆ ಸೇರಿತು. ಇದನ್ನು ಪರೀಕ್ಷಿಸಲು ಬಿಬಿಸಿ ರೇಡಿಯೋ 1ರ ನಿರೂಪಕ ಕ್ರಿಸ್ ಮೊಯ್ಲ್ಸ್ ಕೇಳುಗರನ್ನು ಹುರಿದುಂಬಿಸಿ ಈ ಹಾಡನ್ನು ಕೊಳ್ಳುವಂತೆ ಮಾಡಿದರು. ಪೈಪರ್ ಸಂಗೀತದ ವೃತ್ತಿಯನ್ನು 2003ರಲ್ಲೇ ಮುಗಿಸಿದ್ದರು.