ಯಾವ ಊರ ಹೆಗಡೆ? ಎಲ್‌ಡಿಎಪಿ ಲಾಗಿನ್ ಮತ್ತು ಖಾತೆ ಇಂಪೋರ್ಟ್ ಟಿಪ್ಪಣಿ

ಶಿರಸಿಯ ಒಂದು ಕಚೇರಿಯ ಸಾಫ್ಟ್‌ವೇರ್‌ಗೆ ಲಾಗಿನ್ ಜೋಡಿಸುತ್ತಾ ಕಲಿತದ್ದನ್ನು ಬರೆದಿದ್ದೇನೆ. ಸಿಬ್ಬಂದಿಯ ಖಾತೆಗಳೆಲ್ಲ ಮೊದಲೇ ಆಕ್ಟಿವ್ ಡೈರೆಕ್ಟರಿಯಲ್ಲಿ, ಅಂದರೆ ಮೈಕ್ರೋಸಾಫ್ಟ್‌ನ ಖಾತೆ ಪಟ್ಟಿಯಲ್ಲಿ, ಇದ್ದವು. ಹೊಸ ಸಾಫ್ಟ್‌ವೇರ್ ಅವನ್ನು ಅಲ್ಲಿಂದ ಎಲ್‌ಡಿಎಪಿ ಮೂಲಕ, ಅಂದರೆ ಇಂಥ ಪಟ್ಟಿಯನ್ನು ಕೇಳುವ ಸಾಮಾನ್ಯ ವಿಧಾನದಲ್ಲಿ, ತರಬೇಕಿತ್ತು.

ಇಂಪೋರ್ಟ್ ಬೇರೆ, ಲಾಗಿನ್ ಬೇರೆ. ಇಂಪೋರ್ಟ್‌ನಲ್ಲಿ ಹೆಸರು, ಇಮೇಲ್, ವಿಭಾಗ ಬರುತ್ತವೆ. ಪಾಸ್‌ವರ್ಡ್ ಬರುವುದಿಲ್ಲ. ಅದು ಡೈರೆಕ್ಟರಿಯಲ್ಲೇ ಉಳಿಯುತ್ತದೆ, ಪ್ರತಿ ಸಲ ಅಲ್ಲೇ ಕೇಳಿ ನೋಡಬೇಕು.

ಕೇಳುವುದು ಹೀಗೆ. ಬರೀ ಓದುವ ಹಕ್ಕಿರುವ ಒಂದು ಸರ್ವಿಸ್ ಖಾತೆಯಿಂದ ಸಾಫ್ಟ್‌ವೇರ್ ಒಳಗೆ ಹೋಗಿ, ಯೂಸರ್‌ನೇಮ್ ಹುಡುಕಿ, ಆ ವ್ಯಕ್ತಿಯ ಡಿಎನ್ ಪಡೆಯುತ್ತದೆ. ಡಿಎನ್ ಅಂದರೆ ಡೈರೆಕ್ಟರಿಯಲ್ಲಿ ಆ ಖಾತೆಯ ಪೂರ್ತಿ ಹೆಸರು, ಲಕೋಟೆ ಮೇಲಿನ ವಿಳಾಸದ ಹಾಗೆ, ಚಿಕ್ಕದರಿಂದ ದೊಡ್ಡದಕ್ಕೆ: ಸಿಎನ್=ಗಣಪತಿ ಹೆಗಡೆ, ಒಯು=ಲೆಕ್ಕಪತ್ರ, ಒಯು=ಶಿರಸಿ, ಕೊನೆಗೆ ಡೊಮೇನ್ (ಸಿಎನ್ ಅಂದರೆ ಹೆಸರು, ಒಯು ಅಂದರೆ ಖಾತೆ ಇರುವ ವಿಭಾಗ ಅಥವಾ ಶಾಖೆ). ಆ ಡಿಎನ್ ಮತ್ತು ಟೈಪ್ ಮಾಡಿದ ಪಾಸ್‌ವರ್ಡ್ ಸೇರಿಸಿ ಇನ್ನೊಮ್ಮೆ ಬೈಂಡ್ ಮಾಡುತ್ತದೆ, ಅಂದರೆ ಆ ಹೆಸರಲ್ಲಿ ಡೈರೆಕ್ಟರಿಯ ಒಳಗೆ ಹೋಗಲು ನೋಡುತ್ತದೆ. ಬೈಂಡ್ ಆದರೆ ಲಾಗಿನ್ ಆಯಿತು.

ಇಲ್ಲಿ ಒಂದು ಹೊಂಡ ಇದೆ. ಡಿಎನ್ ಕೊಟ್ಟು ಪಾಸ್‌ವರ್ಡ್ ಖಾಲಿ ಬಿಟ್ಟರೆ ಕೆಲವು ಸರ್ವರ್‌ಗಳು ಅದನ್ನು ಅನಾಮಿಕ ಬೈಂಡ್‌ನಂತೆ ನೋಡಿ 'ಯಶಸ್ವಿ' ಎಂದೇ ಉತ್ತರಿಸುತ್ತವೆ! ಖಾಲಿ ಪಾಸ್‌ವರ್ಡನ್ನು ಸಾಫ್ಟ್‌ವೇರೇ ತಡೆಯಬೇಕು. ನೀವೇ ಖಾಲಿ ಬಿಟ್ಟು ಒತ್ತಿ ನೋಡಿ, ಸುಮ್ನೆ ನಂಬಬೇಡಿ. ಪೋರ್ಟ್, ಅಂದರೆ ಸರ್ವರ್ ಒಳಗೆ ಹೋಗುವ ಬಾಗಿಲಿನ ಸಂಖ್ಯೆಯ ವಿಷಯ: 389ರಲ್ಲಿ ಸಾದಾ ಬೈಂಡ್ ಮಾಡಿದರೆ ಪಾಸ್‌ವರ್ಡ್ ಬಿಚ್ಚಿಟ್ಟಂತೆ ಹೋಗುತ್ತದೆ. 636 ಬಳಸಿ, ಇಲ್ಲವೇ 389ರಲ್ಲೇ ಸ್ಟಾರ್ಟ್‌ಟಿಎಲ್ಎಸ್ ಹಾಕಿ; ಎರಡರಲ್ಲೂ ಪಾಸ್‌ವರ್ಡ್ ಗೂಢಲಿಪಿಯಲ್ಲಿ ಹೋಗುತ್ತದೆ.

ಇಂಪೋರ್ಟ್‌ನಲ್ಲಿ ನಾನು ಜಾಸ್ತಿ ಒದ್ದಾಡಿದ್ದು ಹೊಂದಿಸುವ ಕೀ ಬಗ್ಗೆ, ಅಂದರೆ ಡೈರೆಕ್ಟರಿಯ ಯಾವ ಖಾತೆ ಸಾಫ್ಟ್‌ವೇರ್‌ನ ಯಾವ ಖಾತೆ ಎಂದು ಜೋಡಿಸುವ ಗುರುತಿನ ಬಗ್ಗೆ. ಮೊದಲ ಸಲ ಹೆಸರು ನೋಡಿ ಹೊಂದಿಸಿದೆ. ನಮ್ಮ ಕಡೆ ಗಣಪತಿ ಹೆಗಡೆ ಅಂತ ಕರೆದರೆ ಒಬ್ಬರೇ ತಿರುಗಿ ನೋಡುತ್ತಾರಾ? ಕಾರವಾರ ಶಾಖೆಯ ಹೆಗಡೆಯವರ ಖಾತೆ ಶಿರಸಿಯವರ ಖಾತೆಯ ಮೇಲೆ ಕೂತಿತು. ಬೆಳಿಗ್ಗೆ ಒಬ್ಬರ ರಜೆ ಅರ್ಜಿ ಇನ್ನೊಬ್ಬರ ಪರದೆಯಲ್ಲಿ ಕಂಡಿತು. ಅವತ್ತು ಇಬ್ಬರಿಗೂ ಫೋನ್ ಮಾಡಿ ಕ್ಷಮೆ ಕೇಳಿದೆ.

ಹಾಗಾದರೆ 'ಯಾವ ಊರ ಹೆಗಡೆ?' ಅಂತ ಕೇಳುವಂತೆ ಡಿಎನ್ ಇಟ್ಟುಕೊಂಡರೆ ಸಾಕಲ್ವಾ ಅನಿಸಿತು. ಸಾಲದು. ಶಿರಸಿಯಿಂದ ಕಾರವಾರಕ್ಕೆ ವರ್ಗವಾಗಿ ಅವರ ಒಯು ಬದಲಾದರೆ ಡಿಎನ್ ಕೂಡ ಬದಲಾಗುತ್ತದೆ. ಸಾಫ್ಟ್‌ವೇರ್ ಅವರನ್ನು ಹೊಸಬರೆಂದು ತಿಳಿದು ಎರಡನೇ ಖಾತೆ ತೆರೆಯುತ್ತದೆ. ಇಮೇಲ್, ಯೂಸರ್‌ನೇಮ್ ಕೂಡ ಬದಲಾಗಬಹುದು. ಖಾತೆ ಹುಟ್ಟಿದಾಗ ಸಿಗುವ 128 ಬಿಟ್‌ನ ಆಬ್ಜೆಕ್ಟ್ ಜಿಯುಐಡಿ ಎಂಬ ಗುರುತಿನ ಸಂಖ್ಯೆ ಮಾತ್ರ ವರ್ಗವಾದರೂ ಹೆಸರು ತಿದ್ದಿದರೂ ಹಾಗೇ ಇರುತ್ತದೆ. ಅದೇ ಕೀ.

ಆಕ್ಟಿವ್ ಡೈರೆಕ್ಟರಿ ಒಂದು ಸಲಕ್ಕೆ ಸಾಮಾನ್ಯವಾಗಿ 1000 ದಾಖಲೆ ಮಾತ್ರ ಕೊಡುತ್ತದೆ, ಪೇಜಿಂಗ್ (ಕಂತು ಕಂತಾಗಿ ತರುವುದು) ಆನ್ ಮಾಡಿಕೊಳ್ಳಿ. ನಿಷ್ಕ್ರಿಯ ಖಾತೆಗಳನ್ನು ಫಿಲ್ಟರ್‌ನಲ್ಲೇ ಹೊರಗಿಡಿ, ಇಲ್ಲದಿದ್ದರೆ ನಿವೃತ್ತರಾದವರೂ ಬಂದು ಸೇರುತ್ತಾರೆ.

ಈಗ ನಾನು ಮೊದಲು ಐದೇ ಜನರನ್ನು ತಂದು ನೋಡುತ್ತೇನೆ. ಆ ಐವರಲ್ಲಿ ಇಬ್ಬರು ಗಣಪತಿ ಹೆಗಡೆ ಇರಲೇಬೇಕು.